ತಪ್ಪಲೆಯ ತಳದ ಗಸಿ

ಆರಲು ಇಟ್ಟಿದ್ದ ಅಂಬಲಿಗೆ ಶಿವರಂಜನಿ ಒಂದು ಹಿಡಿ ರಂಗೋಲಿ ಪುಡಿ ಸುರಿದಾಗ ಜಯಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದರು.

"ಅಯ್ಯೋ ಅಯ್ಯೋ, ಏನವ್ವಾ ಬಂದಿರೋದು ನಿಂಗೆ! ಕುಡಿಯೋ ಅಂಬ್ಲಿಗೆ ಬಾಗ್ಲಿಗಾಕೋ ಪುಡಿ ಆಕ್ತೀಯಲ್ಲಾ!"

"ಯಾರೂ ಕುಡಿಯಲ್ಲ ಬಿಡಿ ಅಮ್ಮ. ಸುಮ್ನೆ ನೋಡೋದಕ್ಕೆ."

"ನೋಡಾಕೆ ಅಂತ ರಾಗಿ ಆಳ್ ಮಾಡೋರ್ನ ಇವತ್ತೇ ಕಂಡಿದ್ದು ನಾನು."

ಶಿವರಂಜನಿ ಸೌಟು ಇಸಿದುಕೊಂಡು ಚೆನ್ನಾಗಿ ಕದಡಿ, ತಪ್ಪಲೆಗೆ ತಟ್ಟೆ ಮುಚ್ಚಿದಳು. ಬಿಳಿ ಪುಡಿ ರಾಗಿಯ ಬಣ್ಣದಲ್ಲಿ ಕಾಣದಂತೆ ಮುಳುಗಿಹೋಗಿತ್ತು. ಹೊಳೆನರಸೀಪುರದ ಆ ಕಬಡ್ಡಿ ಅಕಾಡೆಮಿಯ ಅಡುಗೆಮನೆ ಹೊಳೆಯ ಕಡೆಗೆ ತೆರೆದಿತ್ತು. ಹೊರಗೆ ಹುಡುಗಿಯರು ಬೆಳಗಿನ ಓಟ ಮುಗಿಸಿ ಮೈ ಸಡಿಲಿಸುತ್ತಿದ್ದರು.

ಇದೇ ತಪ್ಪಲೆಯ ಅಂಬಲಿ ಕುಡಿದು ಬೆಳೆದ ರೈಡರ್ ಭಾನುಪ್ರಿಯಾಳ ಮೂತ್ರದಲ್ಲಿ ಸ್ಟ್ಯಾನೊಜೊಲಾಲ್ ಎಂಬ ಸ್ನಾಯು ಬೆಳೆಸುವ ಔಷಧಿ ಸಿಕ್ಕಿತ್ತು. ಅವಳನ್ನು ಆಯ್ದುಕೊಂಡಿದ್ದ ಕಬಡ್ಡಿ ಲೀಗಿನವರೇ ಅಮಾನತು ಮಾಡಿದ್ದರು. ಗುರುವಾರ ಶಿಸ್ತು ಸಮಿತಿಯ ವಿಚಾರಣೆ. ಅದು ತನಗೆ ತಿಳಿಯದೆ ಹೊಟ್ಟೆಗೆ ಹೋಯಿತೆಂದು ತೋರಿಸಿದರೆ ಬಚಾವು. ತೋರಿಸದಿದ್ದರೆ ನಾಲ್ಕು ವರ್ಷ ನಿಷೇಧ. ಇಪ್ಪತ್ತೆರಡರ ಹುಡುಗಿಗೆ ಕಬಡ್ಡಿಯಲ್ಲಿ ನಾಲ್ಕು ವರ್ಷ ಎಂದರೆ ಆಟ ಮುಗಿಯಿತು ಎಂದೇ ಲೆಕ್ಕ.

ಶಿವರಂಜನಿಗೆ ಕಬಡ್ಡಿ ಅಷ್ಟಕ್ಕಷ್ಟೆ. ಹಾಸನದಲ್ಲಿ ಅವಳ ಪತ್ತೇದಾರಿ ಕಚೇರಿ ನಡೆಯುವುದು ಮದುವೆ ಸಂಬಂಧಗಳ ಮೇಲೆ. ಹುಡುಗ ಕುಡಿಯುತ್ತಾನಾ, ತೋಟ ಅವನ ಹೆಸರಲ್ಲೇ ಇದೆಯಾ, ಹಿಂದೆ ಎಲ್ಲಾದರೂ ನಿಶ್ಚಿತಾರ್ಥ ಮುರಿದಿದೆಯಾ. ಆ ಕೆಲಸದಲ್ಲಿ ಅವಳು ಕಲಿತದ್ದು ಒಂದೇ: ಹಜಾರದಲ್ಲಿ ಕುಳಿತು ವಿಚಾರಿಸಿದರೆ ಕಾಫಿ ಸಿಗುತ್ತದೆ, ಅಡುಗೆಮನೆಗೆ ಹೋದರೆ ಸಂಗತಿ ಸಿಗುತ್ತದೆ. ಭಾನುಪ್ರಿಯಾಳ ಮನೆಯವರು ಒಪ್ಪಿಸಿದ ಈ ಕಬಡ್ಡಿ ಕೇಸಿಗೂ ಅವಳು ಅದೇ ದಾರಿ ಹಿಡಿದಿದ್ದಳು.

"ಈಗ ಬಡಿಸಿ ಅಮ್ಮ. ದಿನಾ ಇಲ್ಲಿ ಹೆಂಗೆ ಬಡಿಸ್ತಿದ್ರೋ ಹಂಗೇ."

"ನಾನೆಲ್ಲಿ ಬಡಿಸ್ತಿದ್ದೆ? ಒಲೆ ಮೇಲಿಂದ ಇಳ್ಸಿ ತರಕಾರಿ ತರಾಕೆ ಓಗ್ಬುಡ್ತಿದ್ದೆ. ತಿರ್ಗಾ ಬರೋ ಒತ್ಗೆ ಬಾನು ಬಡಿಸ್ತಿರೋಳು. ಕ್ಯಾಪ್ಟನ್ ಅಲ್ವಾ."

"ಮತ್ತೆ ಅವಳು ಯಾವಾಗ ಕುಡೀತಿದ್ಲು?"

ಜಯಲಕ್ಷ್ಮಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಇದೇನವ್ವಾ ಇಂಗೆ ಕೇಳ್ತೀಯ? ಬಡಿಸ್ದೋರು ಕೊನೇಗಲ್ವಾ ಉಣ್ಣೋದು? ನಿಮ್ಮನೇಲಿ ಎಂಗೆ?"

ನಮ್ಮ ಮನೆಯಲ್ಲೂ ಹಾಗೇ ಎಂದು ಶಿವರಂಜನಿ ಒಪ್ಪಿಕೊಂಡಳು. ಅಷ್ಟು ಗೊತ್ತಿದ್ದೂ ಇಷ್ಟು ದಿನ ತಲೆಗೆ ಹೊಳೆಯದಿದ್ದುದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಆದ್ರೆ ಆ ಮಗೀಗೆ ಬಡಿಸೋ ಪದ್ಧತೀನೇ ಬರಾಕಿಲ್ಲ ಕಣವ್ವಾ," ಜಯಲಕ್ಷ್ಮಮ್ಮ ಮುಂದುವರಿಸಿದರು. "ಅಂಬ್ಲಿ ಅಂದ್ಮೇಲೆ ಸೌಟಿಗೊಂದ್ ಸಲ ಕದಡ್ಬೇಕು. ಎಷ್ಟ್ ಬೈದ್ರೂ ಕದಡ್ತಿರ್ಲಿಲ್ಲ. ಮೇಲ್ಮೇಲ್ದೇ ತಗ್ದು ಬುಡೋಳು. ಕೇಳುದ್ರೆ, ತಿಳಿ ಚೆಂದಾಗಿರ್ತದೆ ಜಯಕ್ಕಾ ಅನ್ನೋಳು."

"ಹಾಗೇ ಬಡಿಸಿ. ಕದಡಬೇಡಿ."

ಲೋಟಗಳು ಒಂದೊಂದಾಗಿ ತುಂಬಿದವು. ಮೊದಲ ಸಾಲಿನವು ಎಂದಿನ ರಾಗಿ ಬಣ್ಣ. ಮಧ್ಯದವು ತುಸು ಮಂಕು. ಕೊನೆಗೆ ತಪ್ಪಲೆ ಬಗ್ಗಿಸಿ ಬಳಿದಾಗ, ಲೋಟದೊಳಗೆ ಬಿದ್ದದ್ದು ಸುಣ್ಣದ ಗಸಿಯ ಹಾಗೆ ಬೆಳ್ಳಗೆ ಕಂಡಿತು.

"ಅವ್ವಯ್ಯಾ," ಎಂದರು ಜಯಲಕ್ಷ್ಮಮ್ಮ.

ಸ್ಟ್ಯಾನೊಜೊಲಾಲ್ ನೀರಿನಲ್ಲಿ ಕರಗುವುದಿಲ್ಲ ಎಂದು ಹಾಸನದ ಡಾಕ್ಟರೊಬ್ಬರು ಹೇಳಿದ್ದರಿಂದಲೇ ಶಿವರಂಜನಿ ಈ ಆಟ ಕಟ್ಟಿದ್ದು. ಈಗ ಚಿತ್ರ ಪೂರ್ತಿಯಾಗಿತ್ತು. ಯಾರೋ ಭಾನುಪ್ರಿಯಾಳ ಮೇಲೆ ಹಗೆ ಸಾಧಿಸಿಲ್ಲ. ಇಡೀ ತಪ್ಪಲೆಗೇ ಔಷಧಿ ಬಿದ್ದಿದೆ. ಎಲ್ಲರಿಗೂ ಚೂರುಚೂರು ಹೋಗಿದೆ, ಬಡಿಸಿದವಳಿಗೆ ತಳದ್ದೆಲ್ಲ ಬಂದಿದೆ. ಪರೀಕ್ಷೆ ಆದದ್ದೂ ಅವಳೊಬ್ಬಳಿಗೇ.

ಹೊರಗೆ ಬಂದು ಭಾನುಪ್ರಿಯಾಳಿಗೆ ಫೋನ್ ಮಾಡಿದಳು.

"ಅಂಬಲಿಗೆ ಯಾರಾದ್ರೂ ಏನಾದ್ರೂ ಹಾಕ್ತಿದ್ದುದನ್ನ ನೋಡಿದ್ದೀಯಾ?"

"ಇಲ್ಲ ಅಕ್ಕಾ. ರಾಗಿ, ಉಪ್ಪು, ಮಜ್ಜಿಗೆ. ಇನ್ನೇನೂ ಬೀಳ್ತಿರ್ಲಿಲ್ಲ."

ಹುಡುಗಿಯ ದನಿ ಒಡೆದು ಗಡಸಾಗಿತ್ತು. ಥಂಡಿ ಇರಬೇಕೆಂದು ದಂಡಿಗನಹಳ್ಳಿಯ ಮನೆಯಲ್ಲಿ ತಿಂಗಳುಗಟ್ಟಲೆ ಮೆಣಸಿನ ಕಷಾಯ ಕುಡಿಸಿದ್ದರಂತೆ. ಅದು ಥಂಡಿಯಲ್ಲ, ಆ ಔಷಧಿ ಹೆಣ್ಣುಮಕ್ಕಳಿಗೆ ಮಾಡುವ ಕೆಲಸ ಎಂದು ಡಾಕ್ಟರು ಹೇಳಿದ ದಿನ ಅವಳ ತಾಯಿ ಸುಬ್ಬಮ್ಮ ಊಟ ಮಾಡಿರಲಿಲ್ಲ, ಗಂಡನಿಗೆ ಆ ಮಾತು ಹೇಳಿಯೂ ಇರಲಿಲ್ಲ.

* * *

ಅರಕಲಗೂಡು ದಾಟಿ ಕೊಣನೂರಿಗೆ ಬಂದಾಗ ಸಂತೆಯ ಗಲಾಟೆ. ಬಸವರಾಜು ಅವರ ಹಿಂಡಿ-ಬೂಸಾ ಅಂಗಡಿ ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ ಇತ್ತು. ಅಂಗಡಿ ಮುಂದೆ, ಮನೆ ಹಿಂದೆ. ಒಳಗಿನಿಂದ ಯಾರೋ ವಚನ ಹಾಡುತ್ತಿದ್ದರು. ಗಂಟೆ ಬಾರಿಸಿದಷ್ಟು ತಿಳಿಯಾದ ಗಂಟಲು. ಹಾಡು ನಿಂತ ಮೇಲೆ ಹಣೆಗೆ ವಿಭೂತಿ ಹಚ್ಚಿಕೊಂಡ ಪ್ರೇಕ್ಷಾ ಹೊರಗೆ ಬಂದಳು.

ನಿನ್ನೆಯವರೆಗೂ ಈ ಕೇಸಿನಲ್ಲಿ ಎಲ್ಲರ ಬೆರಳೂ ತೋರಿಸುತ್ತಿದ್ದುದು ಅವಳ ಕಡೆಗೆ. ಅದೇ ಅಕಾಡೆಮಿಯ ಎರಡನೇ ರೈಡರ್. ಭಾನುಪ್ರಿಯಾ ಅಮಾನತಾದ ವಾರದಲ್ಲೇ ಲೀಗಿನ ತಂಡ ಅವಳ ಜಾಗಕ್ಕೆ ಇವಳನ್ನು ತೆಗೆದುಕೊಂಡಿತ್ತು.

"ನಾನೇ ಮಾಡ್ದೆ ಅಂದ್ಕೊಂಡಿದ್ರಿ ಅಲ್ವಾ ಮೇಡಂ?" ಪ್ರೇಕ್ಷಾ ಕುಳಿತುಕೊಳ್ಳುವ ಮೊದಲೇ ಕೇಳಿದಳು.

"ನಿನ್ನೆವರೆಗೂ."

"ಇವತ್ತು?"

"ಇವತ್ತು ನಿನಗೂ ಯಾರೋ ಕುಡಿಸಿದ್ದಾರೆ ಅಂದ್ಕೊಂಡಿದ್ದೀನಿ."

ರಂಗೋಲಿ ಪುಡಿಯ ಕಥೆ ಕೇಳುತ್ತಾ ಪ್ರೇಕ್ಷಾ ಒಮ್ಮೆಯೂ ಕಣ್ಣು ಕದಲಿಸಲಿಲ್ಲ. ಮೂಟೆಯ ಹಿಂದೆ ನಿಂತಿದ್ದ ಅವಳ ತಂದೆ ಬಸವರಾಜುಗೆ ಮಾತ್ರ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಅದ್ರ ಕುರುಹು ಮೈಯಲ್ಲಿ ತಿಂಗಳುಗಟ್ಟಲೆ ಇರುತ್ತೆ," ಶಿವರಂಜನಿ ಹೇಳಿದಳು. "ನಿಮ್ಮೆಲ್ಲರ ಪರೀಕ್ಷೆ ಆದ್ರೆ ತಪ್ಪಲೆಯ ವಿಷಯ ಸಾಬೀತಾಗುತ್ತೆ. ಭಾನು ಉಳ್ಕೋತಾಳೆ. ಆದ್ರೆ ನಿಮಗೆ ಏನಾಗುತ್ತೋ ನಾನು ಭರವಸೆ ಕೊಡಕ್ಕಾಗಲ್ಲ. ನೀವಾಗೇ ಮುಂದೆ ಬಂದ್ರೆ ಸಮಿತಿ ಮೆತ್ತಗಾಗಬಹುದು. ಆಗದೇನೂ ಇರಬಹುದು."

"ಬ್ಯಾಡ ಕಣವ್ವಾ," ಬಸವರಾಜು ತಡೆಯಲಾರದೆ ಮುಂದೆ ಬಂದರು. "ಬರೋ ತಿಂಗ್ಳು ನೀನು ಟೀವೀಲಿ ಬತ್ತೀಯ ಅಂತ ಸಂತೇಲೆಲ್ಲಾ ಹೇಳ್ಕೊಂಡ್ಬುಟ್ಟಿದೀನಿ."

"ಟೀವೀಲಿ ಬಂದ್ಮೇಲೆ ಸಿಕ್ಕಾಕ್ಕೊಂಡ್ರೆ ಅಪ್ಪಾಜಿ? ಅದನ್ನೂ ಟೀವೀಲೇ ತೋರಿಸ್ತಾರೆ."

ಬಸವರಾಜು ಮತ್ತೆ ಮೂಟೆಯ ಹಿಂದಕ್ಕೆ ಸರಿದರು.

"ನಾನು ಕೊಡ್ತೀನಿ ಮೇಡಂ. ಉಳಿದೋರ್ಗೂ ನಾನೇ ಹೇಳ್ತೀನಿ. ನೀವು ಹೇಳಿದ್ರೆ ಹೆದರ್ಕೊಂತಾರೆ." ಪ್ರೇಕ್ಷಾ ಫೋನ್ ತೆಗೆದುಕೊಂಡು ಎದ್ದಳು. ಬಾಗಿಲ ಹತ್ತಿರ ನಿಂತು ತಿರುಗಿದಳು. "ಭಾನಕ್ಕ ನನ್ನ ಮೇಲೆ ಅನುಮಾನ ಪಟ್ಟಿದ್ಲಾ?"

ಶಿವರಂಜನಿ ಯೋಚಿಸಿದಳು. ಭಾನುಪ್ರಿಯಾಳ ಮನೆಯವರೆಲ್ಲ ಪ್ರೇಕ್ಷಾಳ ಹೆಸರು ಎತ್ತಿದ್ದರು. ಭಾನುಪ್ರಿಯಾ ಮಾತ್ರ ಒಮ್ಮೆಯೂ ಎತ್ತಿರಲಿಲ್ಲ. ಅದು ದೊಡ್ಡ ಮನಸ್ಸು ಎಂದು ಅವಳು ಆಗ ತಿಳಿದುಕೊಂಡಿದ್ದಳು.

"ಇಲ್ಲ," ಎಂದಳು.

ಪ್ರೇಕ್ಷಾಳ ಕಣ್ಣು ತುಂಬಿತು. ಅದನ್ನು ಮರೆಮಾಚಲು ಅವಳು ಪ್ರಯತ್ನವನ್ನೂ ಮಾಡಲಿಲ್ಲ.

* * *

ಬುಧವಾರ ಬೆಳಿಗ್ಗೆ ಹಾಸನದ ಒಂದು ಕ್ಲಿನಿಕ್ಕಿನ ಮುಂದೆ ಹುಡುಗಿಯರ ಸಾಲು ನಿಂತಿತ್ತು. ಸಮಿತಿಯಿಂದಲೇ ಒಬ್ಬ ಡಾಕ್ಟರು ಬಂದಿದ್ದರು. ಮೂತ್ರದ ಬಾಟಲಿಗಳಿಗೆ ಹುಡುಗಿಯರ ಎದುರೇ ಸೀಲು ಬಿತ್ತು, ಐಸ್ ಡಬ್ಬಿಗೆ ಬೀಗ ಬಿತ್ತು.

ಶಿವರಂಜನಿ ಒಂದು ಶರತ್ತು ಹಾಕಿದ್ದಳು. ಮರುದಿನದ ವಿಚಾರಣೆಗೆ ಬರಬೇಕಾದ ತುರ್ತು ವರದಿ ತಮ್ಮ ಕಡೆಗೆ ಬರುವುದೇ ಬೇಡ, ಲ್ಯಾಬಿನಿಂದ ನೇರ ಸಮಿತಿಗೆ ಹೋಗಲಿ. ತಮಗೆ ಬೇಕಾದ್ದನ್ನಷ್ಟೇ ತೋರಿಸಿದರು ಎಂಬ ಮಾತು ನಾಳೆ ಬರಬಾರದು. ಭಾನುಪ್ರಿಯಾಳ ವಕೀಲರು ಸ್ವಲ್ಪ ಹಿಂಜರಿದರು. ಹೆದರುವವರು ನಾವಲ್ಲ ಎಂದು ಶಿವರಂಜನಿ ಅವರ ಬಾಯಿ ಮುಚ್ಚಿಸಿದಳು.

ಭಾನುಪ್ರಿಯಾಳ ಮನೆಯ ಕಡೆಯಿಂದ ಒಬ್ಬರು ಸಾಕ್ಷಿಯಾಗಿ ಲ್ಯಾಬಿನವರೆಗೆ ಕಾರಿನಲ್ಲಿ ಹೋಗಬಹುದಿತ್ತು. ಹೊರಟದ್ದು ತಂದೆ ಮಂಚಯ್ಯ. ಚನ್ನರಾಯಪಟ್ಟಣದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು ಬಂದಿದ್ದರು. ಉಗುರಿನ ಸಂದಿಯ ಗ್ರೀಸು ಮಾತ್ರ ಹೋಗಿರಲಿಲ್ಲ.

"ಬಡಿಸ್ದೋಳು ಅಂತ್ಲೇ ಇಂಗಾಯ್ತಾ ಮೇಡಮ್ಮೋರೆ?"

"ಹೌದು ಮಂಚಯ್ಯನವರೇ."

ಮಂಚಯ್ಯ ಕಾರಿನ ಬಾಗಿಲು ಹಿಡಿದು ನಿಂತರು. "ನಮ್ಮಪ್ಪಂಗೆ ಊರ್ ಓಟ್ಲಲ್ಲಿ ಲೋಟ ಬ್ಯಾರೆ ಇಟ್ಟಿದ್ರು. ಅವ್ರ್ ಲೋಟ ಅವ್ರೇ ತೊಳ್ದಿಡ್ಬೇಕು. ಅಂಥದ್ರಲ್ಲಿ ನನ್ ಮಗಳು ಎಲ್ಲಾ ಜಾತಿ ಮಕ್ಕಳ್ಗೂ ಕೈಯಾರ ಬಡಿಸ್ತಾಳೆ ಅಂತ ಕೋಚ್ ಧರ್ಮೇಂದ್ರ ಸಾ ಏಳ್ದಾಗ, ಡಿಪೋಲಿ ಎಲ್ರಿಗೂ ಜಿಲೇಬಿ ಕೊಡ್ಸಿದ್ದೆ."

ಶಿವರಂಜನಿ ಅವರನ್ನು ಹತ್ತಿಸಿ ಬಾಗಿಲು ಹಾಕಿದಳು. ಕಾರು ಹೊರಟಿತು. ಹಿಂದಿನ ಸೀಟಿನಲ್ಲಿ ಮಂಚಯ್ಯ ಐಸ್ ಡಬ್ಬಿಯ ಮೇಲೆ ಒಂದು ಕೈ ಇಟ್ಟುಕೊಂಡು ನೆಟ್ಟಗೆ ಕುಳಿತಿದ್ದರು.

ಕಾರು ಮರೆಯಾಗುತ್ತಲೇ ಅವಳ ಫೋನು ಬಡಿದುಕೊಂಡಿತು. ಕೋಚ್ ಧರ್ಮೇಂದ್ರ.

"ಸ್ಟೇಡಿಯಂ ಪಕ್ಕ ಕ್ಯಾಂಟೀನಲ್ಲಿದ್ದೀನಿ ಮೇಡಂ. ಈಗ್ಲೇ ಬನ್ನಿ."

* * *

ಧರ್ಮೇಂದ್ರ ಎಡಗಾಲನ್ನು ಬೆಂಚಿನಾಚೆಗೆ ಚಾಚಿಕೊಂಡು ಕುಳಿತಿದ್ದ. ಆ ಮೊಣಕಾಲು ಮಡಚುವುದಿಲ್ಲ. ಒಂದು ಕಾಲಕ್ಕೆ ರಾಜ್ಯ ತಂಡದಲ್ಲಿ ಆಡಿದವನು. ಅವನು ತಯಾರು ಮಾಡಿದ ಹುಡುಗಿಯರು ಈಗ ದೇಶದ ಎಲ್ಲ ಕಡೆ ಆಡುತ್ತಾರೆ. ಜಿಲ್ಲೆಯಲ್ಲಿ ಅವನ ಬಗ್ಗೆ ಕೆಟ್ಟ ಮಾತು ಆಡುವವರು ಕಡಿಮೆ. ಶಿವರಂಜನಿಗೂ ಅವನು ಕೆಟ್ಟವನೆಂದು ಅನ್ನಿಸಿರಲಿಲ್ಲ, ಈಗಲೂ ಅನ್ನಿಸಲಿಲ್ಲ. ಅದರಿಂದ ಕೆಲಸ ಸುಲಭವೇನೂ ಆಗಲಿಲ್ಲ.

"ಆ ಡಬ್ಬಿ ವಾಪಸ್ ಕರೆಸಿ," ಎಂದ.

"ಯಾಕೆ?"

"ಒಬ್ಬಳನ್ನ ಉಳಿಸಕ್ಕೆ ಹೋಗಿ ಅಷ್ಟೂ ಜನಾನ ಮುಳುಗಿಸ್ತಿದ್ದೀರ. ರಿಪೋರ್ಟಲ್ಲಿ ಬಂದ್ರೆ ಎಲ್ರೂ ಮನೆಗೆ. ಅವ್ರೆಲ್ಲಾ ಯಾರ ಮಕ್ಳು ಗೊತ್ತಾ ನಿಮಗೆ?"

"ರಿಪೋರ್ಟಲ್ಲಿ ಬರುತ್ತೆ ಅಂತ ನಿಮಗೆ ಹೆಂಗೆ ಗೊತ್ತು?"

ಧರ್ಮೇಂದ್ರ ಕಾಫಿ ಲೋಟವನ್ನು ಟೇಬಲ್ಲಿನ ಮೇಲೆ ಒಂದು ಸುತ್ತು ತಿರುಗಿಸಿದ. ಸುಳ್ಳು ಹೇಳುವ ಉತ್ಸಾಹ ಅವನಲ್ಲಿ ಇದ್ದಂತೆ ಕಾಣಲಿಲ್ಲ.

"ನಾನೇ ಹಾಕಿಸ್ದೆ. ನಿಮ್ಮತ್ರ ಹೇಳ್ತೀನಿ, ಕಮಿಟಿ ಮುಂದೆ ಹೇಳಲ್ಲ. ನೀವು ಹೇಳಿದ್ರೆ ಇಲ್ಲ ಅಂತೀನಿ."

"ಸರಿ. ಯಾಕೆ?"

"ಈ ಕಾಲು ನೋಡಿ." ಚಾಚಿದ ಮೊಣಕಾಲನ್ನು ತಟ್ಟಿದ. "ಫೈನಲ್ ದಿನ ಊದ್ಕೊಂಡಿತ್ತು. ಟೀಮ್ ಡಾಕ್ಟ್ರು ಇಂಜೆಕ್ಷನ್ ಚುಚ್ಚಿ ಆಡಿಸಿದ್ರು. ನೋವು ಗೊತ್ತಾಗ್ಲಿಲ್ಲ, ಕಾಲು ಹೋಯ್ತು. ಅದು ರೂಲ್ಸ್ ಪ್ರಕಾರ ಸರಿ. ಯಾರೂ ಬ್ಯಾನ್ ಮಾಡ್ಲಿಲ್ಲ, ಹಾರ ಹಾಕಿದ್ರು. ಅದೇ ಗಟ್ಟಿಯಾಗ್ಲಿ ಅಂತ ಒಂದು ಮಾತ್ರೆ ನುಂಗಿದ್ರೆ ಮೋಸ. ಈ ಗೆರೆ ಎಳ್ದೋರು ಯಾರು ಮೇಡಂ? ಮ್ಯಾಟ್ ಮೇಲೆ ಒಂದು ದಿನಾನಾದ್ರೂ ಬಿದ್ದಿದ್ದಾರಾ ಅವ್ರು?"

"ಗೊತ್ತಿಲ್ಲ."

"ದುಡ್ಡಿರೋ ಟೀಮ್‌ಗಳಿಗೆ ಡಾಕ್ಟ್ರೇ ನಾಕು ಜನ. ಯಾವುದು ಎಷ್ಟು ದಿನಕ್ಕೆ ಮೈಯಿಂದ ಹೋಗುತ್ತೆ ಅಂತ ಅವ್ರಿಗೆ ಗೊತ್ತು. ಸಿಗಾಕ್ಕೊಳ್ಳೋದು ನಮ್ಮಂಥೋರು. ನಮ್ಮುಡ್ಗೀರ್ಗೆ ಏನಿದೆ? ಅಂಬ್ಲಿ. ಎಲ್ರೂ ತಗೋತಾರೆ, ಎಲ್ರಿಗೂ ಗೊತ್ತು. ಬಿಟ್ಬುಡಿ ಅಂತೀನಿ ನಾನು. ಡಾಕ್ಟ್ರ ಮುಂದೆ, ಅಳತೆ ಪ್ರಕಾರ, ಬಹಿರಂಗವಾಗಿ ತಗೊಳ್ಳಲಿ. ಕದ್ದು ತಗೊಳ್ಳೋದ್ರಿಂದ್ಲೇ ಮೈ ಹಾಳಾಗೋದು."

ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಶಿವರಂಜನಿ ಅದನ್ನು ತಳ್ಳಿಹಾಕಲು ಹೋಗಲಿಲ್ಲ. ಗಂಡಿನ ಮನೆಯವರ ಮಾತುಗಳನ್ನು ಕೇಳಿ ಕೇಳಿ ಅವಳಿಗೆ ಒಂದು ಅಭ್ಯಾಸವಾಗಿತ್ತು. ಹೇಳುತ್ತಿರುವುದು ಸರಿಯೋ ತಪ್ಪೋ ಎಂದು ನೋಡುವ ಮೊದಲು, ಹೇಳುವವರು ಅದರಂತೆ ನಡೆದಿದ್ದಾರೋ ಇಲ್ಲವೋ ಎಂದು ನೋಡುತ್ತಿದ್ದಳು.

"ಬಹಿರಂಗವಾಗಿ ಅಂದ್ರಿ."

"ಹೌದು."

"ನೀವು ಬಹಿರಂಗವಾಗಿ ಕೊಡಬಹುದಿತ್ತಲ್ಲ. ಹುಡುಗೀರನ್ನ ಕೂರಿಸ್ಕೊಂಡು, ಇದು ಇಂಥದ್ದು, ದನಿ ಒಡೆಯುತ್ತೆ, ಮುಟ್ಟು ನಿಲ್ಲಬಹುದು, ಆದ್ರೆ ಗೆಲ್ತೀರ, ಬೇಕಾದೋರು ತಗೊಳ್ಳಿ ಅಂತ. ತಪ್ಪಲೆಗೆ ಯಾಕೆ ಹಾಕಿಸಿದ್ರಿ?"

ಧರ್ಮೇಂದ್ರ ಸ್ಟೇಡಿಯಂ ಕಡೆಗೆ ಮುಖ ತಿರುಗಿಸಿದ.

"ಹೇಳಿ ಸರ್."

"ಕೇಳಿದ್ರೆ ಒಲ್ಲೆ ಅಂತಿದ್ರು."

"ಎಲ್ರೂ?"

"ಸುಮಾರು ಜನ."

"ಎಲ್ರೂ ತಗೋತಾರೆ ಅಂದ್ರಿ. ಕೇಳಿದ್ರೆ ಸುಮಾರು ಜನ ಒಲ್ಲೆ ಅಂತಿದ್ರು ಅಂತೀರ. ಎರಡರಲ್ಲಿ ಯಾವುದಾದ್ರೂ ಒಂದೇ ನಿಜ ಇರಬೇಕು."

ಕ್ಯಾಂಟೀನಿನವನು ಬಂದು ಲೋಟ ತೆಗೆದುಕೊಂಡು ಹೋದ. ಧರ್ಮೇಂದ್ರನ ಮುಖ ಕಪ್ಪಿಟ್ಟಿತು. ಅವಳನ್ನು ನೋಯಿಸಲು ಏನಾದರೂ ಬೇಕು ಎಂಬಂತೆ ಅವನು ಒಂದು ಗಳಿಗೆ ಹುಡುಕಿದ. ಅದು ಅವನಿಗೆ ಸಿಕ್ಕಿತು.

"ಹಾಕಿಸ್ದೆ ಅಂದೆ ಮೇಡಂ. ಹಾಕ್ದೆ ಅನ್ನಲಿಲ್ಲ."

"ಅಂದ್ರೆ?"

"ಡಬ್ಬ ನಾನು ಕೊಟ್ಟಿದ್ದೆ. ಪ್ರೋಟೀನು, ಯಾರಿಗೂ ಹೇಳ್ಬೇಡ ಅಂದಿದ್ದೆ. ದಿನಾ ಬೆಳಿಗ್ಗೆ ಒಂದು ಚಮಚ ಹಾಕಿ ಕಲಸ್ತಿದ್ದೋಳು ನಿಮ್ಮ ಭಾನುಪ್ರಿಯಾ. ನಾನು ಪಕ್ಕದಲ್ಲೇ ನಿಂತಿರ್ತಿದ್ದೆ. ಕಲಸೋವರ್ಗೂ ನೋಡಿ ಗ್ರೌಂಡಿಗೆ ಹೋಗ್ತಿದ್ದೆ." ಅವನು ಕಾಲನ್ನು ಕೈಯಿಂದ ಎತ್ತಿ ಟೇಬಲ್ಲಿನ ಕೆಳಗೆ ಚಾಚಿಕೊಂಡ. "ನಿಮಗೆ ಹೇಳಿಲ್ವಾ ಅವಳು?"

ರಾಗಿ, ಉಪ್ಪು, ಮಜ್ಜಿಗೆ. ಇನ್ನೇನೂ ಬೀಳ್ತಿರ್ಲಿಲ್ಲ.

ಶಿವರಂಜನಿ ಕಾಫಿಯ ದುಡ್ಡು ಕೊಡುವುದನ್ನೂ ಮರೆತು ಎದ್ದಳು.

* * *

ದಂಡಿಗನಹಳ್ಳಿಯ ಆ ಮನೆಯ ಹಿತ್ತಲಲ್ಲಿ ಸುಣ್ಣದ ಪುಡಿಯಿಂದ ಗೆರೆಗಳನ್ನು ಎಳೆದಿದ್ದರು. ಅಮಾನತಾದವಳು ಯಾವ ಅಕಾಡೆಮಿಯಲ್ಲೂ ಅಭ್ಯಾಸ ಮಾಡುವಂತಿಲ್ಲ. ಭಾನುಪ್ರಿಯಾ ಒಬ್ಬಳೇ ಗೆರೆ ದಾಟಿ ಹೋಗಿ, ತೆಂಗಿನ ಮರದ ಬುಡ ಮುಟ್ಟಿ, ಹಿಂದಕ್ಕೆ ಚಿಮ್ಮುತ್ತಿದ್ದಳು. ಹಿಡಿಯುವವರು ಯಾರೂ ಇರಲಿಲ್ಲ. ಆದರೂ ಪ್ರತಿ ಸಲ ಯಾರೋ ಕಾಲಿಗೆ ಬಿದ್ದಂತೆ ಕೊಸರಿಕೊಂಡು ಬರುತ್ತಿದ್ದಳು. ನೋಡಲು ಚೆನ್ನಾಗಿತ್ತು. ಶಿವರಂಜನಿಗೆ ಆಟ ಗೊತ್ತಿಲ್ಲದಿದ್ದರೂ ಅಷ್ಟು ತಿಳಿಯಿತು.

"ಧರ್ಮೇಂದ್ರ ಎಲ್ಲಾ ಹೇಳಿದ," ಎಂದಳು.

ಭಾನುಪ್ರಿಯಾ ಮರದ ಹತ್ತಿರವೇ ನಿಂತಳು. ಅತ್ತಿತ್ತ ನೋಡಿದಳು. ತಾಯಿ ಒಳಗಿದ್ದಳು.

"ಪ್ರೋಟೀನ್ ಅಂತ ನಂಬಿ ಹಾಕ್ದೆ ಅಂದ್ರೆ ನಾನೂ ನಂಬ್ತೀನಿ. ಹೇಳು, ಹಾಗೇನಾ?"

ಹುಡುಗಿಗೆ ಅಲ್ಲೇ ಒಂದು ಬಾಗಿಲು ತೆರೆದಿತ್ತು. ಹೂಂ ಎಂದಿದ್ದರೆ ಸಾಕಾಗಿತ್ತು.

"ಇಲ್ಲ ಅಕ್ಕಾ," ಎಂದಳು ಆ ಒಡಕು ದನಿಯಲ್ಲಿ. "ಶುರುವಿನಲ್ಲೇ ಗೊತ್ತಾಯ್ತು. ಡಬ್ಬದಾಗೆ ಅರೀದಿರೋ ಮಾತ್ರೆ ಚೂರು ಸಿಕ್ತು. ಅದ್ರ ಮ್ಯಾಲೆ ಅಕ್ಷರ ಇತ್ತು. ಫೋನಲ್ಲಿ ನೋಡ್ದೆ."

"ಗೊತ್ತಾದ್ಮೇಲೂ ಎಲ್ರಿಗೂ ಬಡಿಸ್ದೆಯಾ?"

"ಇಲ್ಲಕ್ಕಾ!" ಅವಳು ಮುಂದೆ ಬಂದಳು. "ಆಣೆ ಮಾಡ್ತೀನಿ. ಸಾ ನೋಡ್ತಾ ನಿಂತಿರೋರು, ಅದ್ಕೆ ಹಾಕ್ಲೇಬೇಕಿತ್ತು. ಅವ್ರು ಅತ್ತಾಗೆ ಓದ್ಮೇಲೆ ತಟ್ಟೆ ಮುಚ್ಚಿ ಸುಮ್ನೆ ಬುಟ್ಬುಡ್ತಿದ್ದೆ. ಎಲ್ಲಾ ತಳಕ್ಕೆ ಇಳ್ದ್ಮೇಲೆ, ಕದಡದಂಗೆ ಮೇಲಿನ ತಿಳಿ ಮಾತ್ರ ಅವ್ರಿಗೆ ಬುಡ್ತಿದ್ದೆ. ಪ್ರೇಕ್ಷಾಗೆ, ಎಲ್ರಿಗೂ. ಒಬ್ರಿಗೂ ಕೊಟ್ಟಿಲ್ಲ ನಾನು."

ಕೊಣನೂರಿನ ಅಂಗಡಿಯ ಹಿಂದಿನಿಂದ ಕೇಳಿದ ಆ ತಿಳಿಯಾದ ಗಂಟಲು ಶಿವರಂಜನಿಗೆ ಈಗ ನೆನಪಾಯಿತು. ಕ್ಲಿನಿಕ್ಕಿನ ಮುಂದೆ ಸಾಲಿನಲ್ಲಿ ನಿಂತು ಗುಬ್ಬಚ್ಚಿಗಳ ಹಾಗೆ ಹರಟುತ್ತಿದ್ದ ಹುಡುಗಿಯರೂ ನೆನಪಾದರು. ಯಾರೊಬ್ಬರ ದನಿಯೂ ಒಡೆದಿರಲಿಲ್ಲ. ಅವಳು ಅದನ್ನು ಕಿವಿಯಾರೆ ಕೇಳಿದ್ದಳು, ಕೇಳಿಯೂ ಬಿಟ್ಟಿದ್ದಳು.

"ತಳದ್ದು?"

ಭಾನುಪ್ರಿಯಾ ಸುಣ್ಣದ ಗೆರೆಯನ್ನು ನೋಡಿದಳು.

"ತಳದ್ದು ಏನು ಮಾಡ್ತಿದ್ದೆ ಭಾನು?"

"ಮೊದ್ಲು ಮೊದ್ಲು ಬಚ್ಚಲಿಗೆ ಚೆಲ್ತಿದ್ದೆ."

"ಆಮೇಲೆ?"

"ಆಮ್ಯಾಲೆ ಸೆಲೆಕ್ಷನ್ ಡೇಟ್ ಬಂತು ಅಕ್ಕಾ."

ಒಳಗೆ ಸುಬ್ಬಮ್ಮ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಶಿವರಂಜನಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಅವಳಿ‌ಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಮಾತ್ರ ನಿರ್ಧಾರವಾಗಲಿಲ್ಲ.

ಹುಡುಗಿಗೆ ಇನ್ನೂ ಪೂರ್ತಿ ತಿಳಿದಿಲ್ಲ ಎಂಬುದು ಅವಳ ಮುಖದಲ್ಲಿ ಕಾಣುತ್ತಿತ್ತು. ಬಿಡಿಸಿ ಹೇಳಲೇಬೇಕಾಯಿತು.

"ಎಲ್ಲರ ಮೈಯಲ್ಲೂ ಸಿಕ್ಕಿದ್ರೆ, ತಪ್ಪಲೆಗೆ ಯಾರೋ ಹಾಕಿದ್ರು ಅಂತಾಗುತ್ತೆ, ನೀನು ಉಳ್ಕೋತೀಯ. ಯಾರ ಮೈಯಲ್ಲೂ ಸಿಗದೆ ಹೋದ್ರೆ, ಒಂದೇ ತಪ್ಪಲೆಯಲ್ಲಿ ಕುಡಿದೋರಲ್ಲಿ ನಿನ್ನೊಬ್ಬಳ ಮೈಗೆ ಮಾತ್ರ ಹೆಂಗೆ ಬಂತು ಅಂತ ಕೇಳ್ತಾರೆ. ವರದಿ ನಮ್ಮ ಕೈಗೆ ಬರಲ್ಲ. ಲ್ಯಾಬಿಂದ ನೇರ ಸಮಿತಿಗೆ ಹೋಗುತ್ತೆ."

"ಅಂಗಂತ ಯಾರು ಏಳಿದ್ದು?"

"ನಾನೇ."

ಭಾನುಪ್ರಿಯಾ ಕಾಲ ಬೆರಳಿನಿಂದ ಸುಣ್ಣದ ಗೆರೆಯನ್ನು ಅಳಿಸುತ್ತಾ ನಿಂತಳು. ಕೊನೆಗೆ ಕೇಳಿದ್ದು ಬಹಳ ಮೆಲ್ಲಗೆ, ಕೇಳಲು ತನಗೇ ನಾಚಿಕೆಯಾದಂತೆ.

"ಅವ್ರಲ್ಲಿ ಒಬ್ಳಿಗಾದ್ರೂ ಚೂರು ಓಗಿರ್ಬೋದಾ ಅಕ್ಕಾ?"

ಶಿವರಂಜನಿ ಉತ್ತರ ಹೇಳುವ ಮೊದಲೇ ಅವಳ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಮಂಚಯ್ಯನ ಹೆಸರು. ಎತ್ತುತ್ತಲೇ ಸ್ಪೀಕರ್ ಹಾಕಿದಷ್ಟು ಜೋರಾಗಿ ಅವರ ದನಿ ಹಿತ್ತಲ ತುಂಬ ಹರಡಿತು.

"ಲ್ಯಾಬ್ನೋರು ಡಬ್ಬಿ ಒಳೀಕ್ ಇಸ್ಕೊಂಡ್ರು ಮೇಡಮ್ಮೋರೆ! ಸೀಲೆಲ್ಲಾ ಸರಿ ಐತೆ ಅಂತ ನನ್ ಮುಂದೇನೇ ನೋಡುದ್ರು. ಇನ್ ಯಾರೂ ಮುಟ್ಟಾಕಾಗಲ್ವಂತೆ. ನನ್ ಮಗಳ್ಗೆ ಇನ್ನೇನ್ ಭಯ ಇಲ್ಲ ಅಲ್ವಾ?"

ಭಾನುಪ್ರಿಯಾ ಕೈ ಚಾಚಿ ಫೋನು ಇಸಿದುಕೊಂಡಳು.

"ಅಪ್ಪಾ," ಎಂದಳು. ಅಷ್ಟೇ.

ಆ ಕಡೆಯಿಂದ ಮಂಚಯ್ಯ ಸಂತೋಷದಲ್ಲೇ ಗದರಿದರು.

"ಇನ್ನೂ ಗಂಟ್ಲು ಸರಿ ಓಗಿಲ್ವೇನವ್ವಾ ನಿಂಗೆ?"